ಒಂದು ಹಲ್ಲಿನ ಎತ್ತರ

ಕಾದ ಮೇಣದ ವಾಸನೆ. ಅದರ ಬೆನ್ನಿಗೇ ಸ್ಪಿರಿಟ್ ದೀಪದ ತೆಳು ಘಾಟು. ಅದಕ್ಕೂ ಹಿಂದೆ, ಒದ್ದೆ ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಡುವ ಸುಣ್ಣದಂಥ ಬೆಚ್ಚನೆ ವಾಸನೆ. ಸೋದರಮಾವನ ಮನೆಯ ಮುಂಗೋಣೆಗೆ ಕಾಲಿಟ್ಟರೆ ಇವು ಮೂರೂ ಒಟ್ಟಿಗೆ ಮೂಗಿಗೆ ಬರುತ್ತಿದ್ದವು. ಮಾವ ಹಲ್ಲು ಕಟ್ಟುವವರು. ಕಿಟಕಿಯ ಪಕ್ಕದ ಹಲಗೆಯ ಮೇಲೆ ಬೀದಿಯವರೆಲ್ಲರ ದವಡೆಗಳು ಬಿಳಿ ಪ್ಲಾಸ್ಟರಿನಲ್ಲಿ ಸಾಲಾಗಿ ಕೂತಿರುತ್ತಿದ್ದವು. ಚಿಕ್ಕವಳಿದ್ದಾಗ ಅವಕ್ಕೆಲ್ಲ ಅವಳು ಹೆಸರಿಟ್ಟಿದ್ದಳು: ಗೊಣಗಜ್ಜ, ನಗುವಜ್ಜಿ, ಸುಳ್ಳುಬುರುಕ, ಯಾವಾಗಲೂ ಹಸಿವು. ಮಾವ ಗುಲಾಬಿ ಬಣ್ಣದ ಮೇಣದ ಹಾಳೆಯನ್ನು ದೀಪದ ಮೇಲೆ ಆಡಿಸಿ, ಅದು ಇನ್ನೇನು ಬಳುಕಬೇಕು ಅನ್ನುವಷ್ಟರಲ್ಲಿ ತೆಗೆದು, ನಿದ್ದೆಹೋದ ಮಗುವಿಗೆ ಹೊದಿಸಿದಂತೆ ದವಡೆಯ ಮೇಲೆ ಹೊದಿಸುತ್ತಿದ್ದರು. "ದೂರ ನಿಂತ್ಕೋ ಪುಟ್ಟಿ, ಜಡೆ ಸುಟ್ಕೊಂಡೀಯ," ಎನ್ನುತ್ತಿದ್ದರು. ಎನ್ನುತ್ತಲೇ ಉಳಿದ ಮೇಣದ ಚೂರನ್ನು ಉಂಡೆ ಮಾಡಿ ಅವಳ ಅಂಗೈಗೆ ಹಾಕುತ್ತಿದ್ದರು. ಅಂಗೈಯಲ್ಲಿ ಅದು ಬಹಳ ಹೊತ್ತು ಬೆಚ್ಚಗಿರುತ್ತಿತ್ತು.

ಆ ವಾಸನೆ ಇಲ್ಲಿ, ಈ ಹೊಸ ಹೋಟೆಲಿನ ಗುಂಡು ಮೇಜಿನ ನಡುವಿನಿಂದ ಎದ್ದಾಗ ಅವಳು ಕುರ್ಚಿಯಲ್ಲೇ ತುಸು ಹಿಂದೆ ಸರಿದಳು. ಹೋಟೆಲಿನ ಒಡತಿ, ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ದಪ್ಪಗಿನ ಹೆಂಗಸು, ಸೂಪು ಆರದಿರಲೆಂದು ಪುಟ್ಟ ಹಿತ್ತಾಳೆಯ ಸ್ಪಿರಿಟ್ ಒಲೆಯೊಂದನ್ನು ತಂದಿಟ್ಟು ಕಡ್ಡಿ ಗೀರಿದ್ದಳು. ಅದೇ ಕಡ್ಡಿಯಿಂದ ಪಕ್ಕದ ಮೇಣದಬತ್ತಿಯನ್ನೂ ಹಚ್ಚಿದ್ದಳು. ನೀಲಿ ಉರಿ ಮಧ್ಯಾಹ್ನದ ಬೆಳಕಿನಲ್ಲಿ ಕಂಡೂ ಕಾಣದ ಹಾಗೆ ನಿಂತಿತು. ಮೊದಲು ಇದು ಕನ್ನಡಕದ ಅಂಗಡಿಯಾಗಿತ್ತು. ಗೋಡೆಯ ತುಂಬ ಕನ್ನಡಿಗಳಿದ್ದವು. ಅವನ್ನು ಯಾರೂ ತೆಗೆಸಿರಲಿಲ್ಲ. ಹೀಗಾಗಿ ಎತ್ತ ತಿರುಗಿದರೂ ಒಂದು ಬಾಯಿ ತಿನ್ನುತ್ತಿರುವುದು ಕಾಣುತ್ತಿತ್ತು, ಅವುಗಳಲ್ಲಿ ಒಂದು ತನ್ನದಾಗಬಹುದೆಂಬ ಯೋಚನೆಗೇ ಅವಳ ದವಡೆ ಬಿಗಿಯಿತು. ಬರಬಾರದಾಗಿತ್ತು. ತಲೆನೋವು ಅನ್ನಬಹುದಿತ್ತು, ಸೊಸೆಗೆ ಹುಷಾರಿಲ್ಲ ಅನ್ನಬಹುದಿತ್ತು. ಆದರೆ ಬೇಸಿಗೆಯಿಂದ ಇಲ್ಲಿಯವರೆಗೆ ಆ ಎಲ್ಲ ನೆವಗಳೂ ಖರ್ಚಾಗಿಹೋಗಿದ್ದವು.

"ನಮ್ಮಲ್ಲಿ ಎಲ್ಲ ಚಿಕ್ಕ ತಟ್ಟೆ. ಒಂದಾದ ಮೇಲೆ ಒಂದು ಬರ್ತಾ ಇರುತ್ತೆ," ಎಂದಳು ಒಡತಿ. "ನಡುವೆ ಇಡ್ತೀವಿ. ಹಂಚ್ಕೊಂಡು ತಿನ್ನೋದು."

"ಎಷ್ಟು ಚಿಕ್ಕದಮ್ಮ?" ಎಂದು ಕೇಳಿದಳು ಜೊತೆಗೆ ಬಂದಿದ್ದ ಗೆಳತಿ ರೇಡಿಯೋ.

ಒಡತಿ ಅಂಗೈ ತೋರಿಸಿದಳು.

"ಅಯ್ಯೋ, ಡಾಕ್ಟ್ರೇ! ಇದು ಗೊಂಬೆಯಾಟದ ಊಟ. ಮೊದಲೇ ಹೇಳಿದ್ರೆ ಮನೇಲಿ ತಿಂದು ಬರ್ತಿರಲಿಲ್ವಾ?"

ಒಡತಿ ನಕ್ಕಳು, ಡಾಕ್ಟರು ನಗಲಿಲ್ಲ. ಅವರು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಡಾಕ್ಟರ ಹಲ್ಲಿನ ಕ್ಲಿನಿಕ್ಕಿನಲ್ಲಿ ಮೂವರೂ ಒಟ್ಟಿಗೆ ಮುದುಕಿಯರಾಗಿದ್ದರು. ಡಾಕ್ಟರು ಒಳಗೆ ಕುರ್ಚಿಯ ಪಕ್ಕ, ರೇಡಿಯೋ ಹೊರಗೆ ಮೇಜಿನ ಹಿಂದೆ ರೋಗಿಗಳನ್ನು ಹೆಸರು ಹಿಡಿದು ಕೂಗುತ್ತ, ನಡುವಿನ ಸಣ್ಣ ಕೋಣೆಯಲ್ಲಿ ಅವಳು, ಮೇಣ, ಪ್ಲಾಸ್ಟರು, ದೀಪ. ಕಾಯುತ್ತ ಕೂತ ರೋಗಿಗಳ ನೋವು ಮರೆಸಲೆಂದೇ ಬಾಯಿ ಮುಚ್ಚದೆ ಮಾತಾಡುತ್ತಿದ್ದವಳಿಗೆ ರೇಡಿಯೋ ಎಂದು ಹೆಸರು ಬಿದ್ದಿತ್ತು. ಲ್ಯಾಬಿನಲ್ಲಿ ಇರುತ್ತಿದ್ದವಳು ಲ್ಯಾಬಮ್ಮ ಆಗಿದ್ದಳು. ಡಾಕ್ಟರಿಗೆ ಮಾತ್ರ ಯಾರೂ ಹೆಸರಿಡುವ ಧೈರ್ಯ ಮಾಡಿರಲಿಲ್ಲ.

"ಲ್ಯಾಬಮ್ಮ ಏನೂ ಮಾತಾಡ್ತಿಲ್ಲ," ಎಂದಳು ರೇಡಿಯೋ. "ಏನಕ್ಕ, ಮೌನವ್ರತವಾ?"

ಅವಳು ತುಟಿ ತೆರೆಯದೆ ನಕ್ಕಳು. ಈಚೆಗೆ ಹಾಗೆ ನಗುವುದನ್ನು ಚೆನ್ನಾಗಿ ಕಲಿತಿದ್ದಳು.

ಅವಳ ಬಾಯಿಯೊಳಗೆ ಇದ್ದದ್ದು ಅವಳೇ ಕಟ್ಟಿಕೊಂಡ ಹಲ್ಲು. ಕೊನೆಗುಳಿದ ನಾಲ್ಕಾರು ಹಲ್ಲುಗಳನ್ನು ಬೇಸಿಗೆಯಲ್ಲಿ ಯಾವುದೋ ದೊಡ್ಡ ಆಸ್ಪತ್ರೆಯಲ್ಲಿ ಕೀಳಿಸಿಕೊಂಡಿದ್ದಳು. ಹಲ್ಲಿನ ಸೆಟ್ಟು ಅಲ್ಲೇ ಮಾಡಿಕೊಡುತ್ತೇವೆ ಎಂದಿದ್ದರು. ಬೇರೆಯವರು ಕಟ್ಟಿದ ಹಲ್ಲು ನನ್ನ ಬಾಯಿಗಾ, ಎಂದುಕೊಂಡಿದ್ದಳು. ಊರಿನ ಅರ್ಧಕ್ಕರ್ಧ ಜನ ತನ್ನ ಕೈಯ ಹಲ್ಲಲ್ಲಿ ಉಣ್ಣುತ್ತಿರುವಾಗ! ಮನೆಯ ಹಿಂದಿನ ಕೋಣೆಯಲ್ಲಿ ಹಳೆಯ ದೀಪ ಹಚ್ಚಿ, ಕನ್ನಡಿ ಇಟ್ಟುಕೊಂಡು ಕೂತಳು. ತನ್ನದೇ ದವಡೆಯ ಅಚ್ಚಿನ ಮೇಲೆ ಮೇಣದ ದಂಡೆ ಏರಿಸಿದಳು. ಮಾವ ಸಾವಿರ ಸಲ ಹೇಳಿದ್ದ ಮಾತು ಆಗಲೂ ಕಿವಿಯಲ್ಲೇ ಇತ್ತು: ಕಚ್ಚುವ ಎತ್ತರ, ಅಂದರೆ ಬಾಯಿ ಮುಚ್ಚಿದಾಗ ಎರಡು ದವಡೆಗಳ ನಡುವಿನ ಅಂತರ, ಇನ್ನೊಬ್ಬರು ನೋಡಬೇಕು, ಹಾಕಿಕೊಳ್ಳುವವರು ನೋಡಬಾರದು, ಕನ್ನಡಿ ಕಂಡ ತಕ್ಷಣ ಬಾಯಿ ಸುಳ್ಳು ಹೇಳುತ್ತದೆ. ಎಷ್ಟೋ ಜನ ಹಳೆಯ ಫೋಟೋ ತಂದು ಹೀಗಿತ್ತು ನನ್ನ ಮುಖ, ಹೀಗೇ ಮಾಡಿಕೊಡಿ ಎಂದಾಗ ಅವಳು ಫೋಟೋವನ್ನು ಮೆಲ್ಲಗೆ ವಾಪಸು ಕೊಟ್ಟು, ಈಗಿನ ಬಾಯಿಗೆ ಮಾಡೋಣ ಎಂದು ಒಪ್ಪಿಸಿದ್ದಳು. ಆದರೂ ತನ್ನ ಸರದಿ ಬಂದಾಗ ಕನ್ನಡಿಯ ಮೂಲೆಗೆ ಒಂದು ಫೋಟೋ ಸಿಕ್ಕಿಸಿಕೊಂಡಿದ್ದಳು. ಕ್ಲಿನಿಕ್ಕು ಶುರುವಾದ ದಿನದ್ದು. ಬಾಗಿಲಲ್ಲಿ ಮೂವರೂ ನಿಂತಿದ್ದಾರೆ, ಅವಳು ಕಣ್ಣು ಮುಚ್ಚುವಷ್ಟು ನಗುತ್ತಿದ್ದಾಳೆ. ಆ ಹಲ್ಲುಗಳನ್ನೇ ಒಂದೊಂದಾಗಿ ಮೇಣಕ್ಕೆ ಊರಿದಳು. ಅಷ್ಟು ಚೆಂದದ ಸೆಟ್ಟನ್ನು ಅವಳು ಜನ್ಮದಲ್ಲಿ ಮಾಡಿರಲಿಲ್ಲ. ಆದರೆ ಅದನ್ನು ಹಾಕಿಕೊಂಡು ಏನನ್ನೂ ತಿನ್ನಲು ಆಗಲಿಲ್ಲ.

ಮೊದಲ ತಟ್ಟೆ ಬಂತು: ಹಪ್ಪಳಕ್ಕಿಂತ ತೆಳ್ಳಗೆ ಸುಟ್ಟ ರೊಟ್ಟಿಯ ಚೂರುಗಳು, ಮೇಲೆ ಎಳ್ಳು. ಆಮೇಲೆ ಹುರಿದ ಬಾದಾಮಿ. ಆಮೇಲೆ ಬೆಂಕಿಯಲ್ಲಿ ಸುಟ್ಟ ಜೋಳದ ತೆನೆ, ಬೆರಳುದ್ದದ ತುಂಡುಗಳು. ಅವಳು ಒಂದೊಂದನ್ನೂ ಶತ್ರು ಸೈನ್ಯದ ಹಾಗೆ ನೋಡಿದಳು. ಮೊದಲ ಮೂರು ತಿಂಗಳು ಜೋಳ ಬೇಡ, ಬಾದಾಮಿ ಬೇಡ, ಎಳ್ಳಂತೂ ಬೇಡವೇ ಬೇಡ, ಸೆಟ್ಟಿನ ಕೆಳಗೆ ಹೋದರೆ ಸೂಜಿ ಚುಚ್ಚಿದ ಹಾಗಾಗುತ್ತದೆ, ಎಂದು ಎಷ್ಟು ಜನಕ್ಕೆ ಹೇಳಿರಲಿಲ್ಲ! ಹೇಳುವಾಗ ಅವರ ಮುಖ ಇಳಿದುಹೋಗುವುದನ್ನು ನೋಡಿ, ಇಷ್ಟಕ್ಕೆಲ್ಲ ಯಾಕೆ ಇಷ್ಟು ಬೇಜಾರು ಎಂದುಕೊಂಡಿದ್ದಳು. ರೇಡಿಯೋ ರೊಟ್ಟಿಯನ್ನು ಕರಕರ ಅಗಿಯುತ್ತ, ತನ್ನ ಪಕ್ಕದ ಮನೆಯವನು ನಾಯಿಗೆ ಸ್ವೆಟರ್ ಹಾಕಿ ವಾಕಿಂಗ್ ಕರೆದುಕೊಂಡು ಹೋಗುವ ಕಥೆ ಶುರುಮಾಡಿದ್ದಳು. ಆ ಕರಕರ ಸದ್ದು ಎಷ್ಟು ಆರೋಗ್ಯವಾಗಿತ್ತು! ಲ್ಯಾಬಮ್ಮ ನೀರು ಕುಡಿದಳು. ಒಂದು ಬಾದಾಮಿ ಕೈಗೆ ತೆಗೆದುಕೊಂಡು, ಮಾತು ಕೇಳುತ್ತಿರುವವಳಂತೆ ಅದನ್ನು ತಿರುಗಿಸುತ್ತ ಕೂತು, ಕೊನೆಗೆ ಕರವಸ್ತ್ರದೊಳಕ್ಕೆ ಜಾರಿಸಿದಳು. ಆಮೇಲೆ ಇನ್ನೊಂದನ್ನೂ, ಮತ್ತೊಂದನ್ನೂ. ಚಿಕ್ಕ ತಟ್ಟೆಗಳ ಊಟದಲ್ಲಿ ಒಂದು ಅನುಕೂಲ ಇತ್ತು. ಯಾರ ಮುಂದೆಯೂ ಅವರದೇ ಎನ್ನುವ ತಟ್ಟೆ ಇಲ್ಲ, ಯಾರು ಎಷ್ಟು ಬಿಟ್ಟರು ಎಂದು ಯಾರಿಗೂ ಕಾಣುವುದಿಲ್ಲ.

ಮನೆಯಲ್ಲಿ ಕಾಣುತ್ತಿತ್ತು. ಹೊಸ ಹಲ್ಲು ಹಾಕಿಕೊಂಡ ಮೊದಲ ವಾರ, ರಾತ್ರಿ ಎಲ್ಲರೂ ಊಟಕ್ಕೆ ಕೂತಾಗ, ಮೊಮ್ಮಗಳು ತುತ್ತನ್ನು ಕೈಯಲ್ಲೇ ಹಿಡಿದು ಕಿವಿಗೊಟ್ಟು ಕೇಳಿದಳು. ಆಮೇಲೆ ಬಹಳ ಕುತೂಹಲದಿಂದ, "ಅಜ್ಜೀ, ನಿನ್ನ ಬಾಯೊಳಗೆ ಗಡಿಯಾರ ಇದೆಯಾ?" ಎಂದಳು. ಮಗ ತಲೆ ತಗ್ಗಿಸಿ ನಗು ತಡೆದುಕೊಂಡ. ಸೊಸೆ ಮಗುವಿನ ತೊಡೆಗೆ ಮೆಲ್ಲಗೆ ತಟ್ಟಿದಳು. ಯಾರೂ ಏನೂ ತಪ್ಪು ಮಾಡಿರಲಿಲ್ಲ. ಮಾರನೆಯ ದಿನದಿಂದ ಅವಳು ತಟ್ಟೆಯನ್ನು ತನ್ನ ಕೋಣೆಗೆ ತಂದುಕೊಂಡು, ಬಾಗಿಲು ಮುಚ್ಚಿ, ಗಂಜಿಯಂಥದನ್ನೇನಾದರೂ ಉಣ್ಣತೊಡಗಿದಳು. ಅವಳು ಕೂತ ತಕ್ಷಣ ಆಚೆಯ ಕೋಣೆಯಲ್ಲಿ ಟೀವಿಯ ಸದ್ದು ಜೋರಾಗುತ್ತಿತ್ತು. ಅವಳು ತಟ್ಟೆ ತೊಳೆದಿಟ್ಟ ಮೇಲೆ ಮತ್ತೆ ಇಳಿಯುತ್ತಿತ್ತು. ಸೊಸೆಯೇ ಜೋರು ಮಾಡುವುದು. ನನ್ನ ಬಾಯಿಯ ಸದ್ದು ಅಷ್ಟು ಹೇಸಿಗೆಯಾಯಿತೇ ಇವಳಿಗೆ, ಎಂದು ಅವಳು ತುತ್ತು ನುಂಗುತ್ತ ನೊಂದುಕೊಂಡಿದ್ದಳು. ಆಗ ದವಡೆ ಇನ್ನಷ್ಟು ಬಿಗಿಯಾಗಿ, ಎಡಗಡೆಯ ಹಿಂದಿನ ಹಲ್ಲು ಎಲ್ಲಕ್ಕಿಂತ ಮೊದಲು ಟಕ್ ಎಂದು ತಾಗುತ್ತಿತ್ತು.

ಡಾಕ್ಟರ ಬಳಿ ಹೋಗಬಹುದಿತ್ತು. ಆ ಯೋಚನೆ ಬಂದಾಗಲೆಲ್ಲ ಕ್ಲಿನಿಕ್ಕಿನ ಮುಚ್ಚಿದ ಬಾಗಿಲು ಕಣ್ಣ ಮುಂದೆ ನಿಲ್ಲುತ್ತಿತ್ತು. ಹೋದ ವರ್ಷ ಒಂದು ದಿನ ಇದ್ದಕ್ಕಿದ್ದ ಹಾಗೆ ಡಾಕ್ಟರು ಸಾಕು ಎಂದಿದ್ದರು. ಅವಳಿಗೆ ನೇರವಾಗಿ ಹೇಳಲೂ ಇಲ್ಲ, ರೇಡಿಯೋ ಬಂದು ಹೇಳಿದಳು. ಇಷ್ಟು ವರ್ಷ ಗೋಡೆಯ ಆಚೆ ಈಚೆ ಕೂತು ಒಂದೇ ಬಾಯಿಗೆ ಇಬ್ಬರೂ ದುಡಿದದ್ದು. ಮುಚ್ಚುವಾಗ ಒಂದು ಮಾತು, ಹೀಗೆ ಮಾಡೋಣವಾ ಅಂತ? ಅವಳೂ ಕೇಳಲಿಲ್ಲ. ಮೇಣದ ಡಬ್ಬಿ, ದೀಪ, ಕತ್ತಿಗಳನ್ನು ಚೀಲಕ್ಕೆ ತುಂಬಿಕೊಂಡು ಬಂದುಬಿಟ್ಟಿದ್ದಳು. ಆಮೇಲೆ ಹಲ್ಲು ಹೋದಾಗ ಅವರನ್ನು ಬಿಟ್ಟು ಆಸ್ಪತ್ರೆಗೆ ಹೋದದ್ದರಲ್ಲಿ, ಅವರನ್ನು ಬಿಟ್ಟು ತಾನೇ ಎತ್ತರ ಅಳೆದುಕೊಂಡದ್ದರಲ್ಲಿ, ಒಂದು ಸಣ್ಣ ಸೇಡು ಇತ್ತೇನೋ. ಈಗ ಎದುರಿಗೆ ಕೂತು ಅವರ ಮುಖ ನೋಡಲು ಆಗುತ್ತಿರಲಿಲ್ಲ. ಡಾಕ್ಟರು ಜಗತ್ತಿನಲ್ಲಿ ಎಲ್ಲರ ಬಾಯಿಯನ್ನೂ ಮುಚ್ಚಿದ ತುಟಿಯ ಮೇಲಿಂದಲೇ ಓದುವವರು. ಈ ಹೊತ್ತಿಗೆ ಅವರಿಗೆ ಎಲ್ಲ ಗೊತ್ತಾಗಿರಬೇಕು. ಅದಕ್ಕೇ ಮಾತಾಡುತ್ತಿಲ್ಲ.

ಸೂಪು ಬಂತು, ಒಲೆಯ ಮೇಲೆ ಕೂತಿತು. ಸುಟ್ಟು ಹಿಸುಕಿದ ಬದನೆಕಾಯಿ ಬಂತು. ಬೆಣ್ಣೆಯಲ್ಲಿ ಬೆಂದ ಅಣಬೆ, ಚಮಚ ತಾಗಿಸಿದರೆ ಕರಗುವ ಕುಂಬಳ, ಮೊಸರಿನಂಥ ಮೆತ್ತನೆ ಚೀಸ್. ಸ್ವಲ್ಪ ಹೊತ್ತಿನ ಮೇಲೆ ಅವಳಿಗೆ ಒಂದು ವಿಚಿತ್ರ ಕಂಡಿತು. ಮೆತ್ತನೆ ತಟ್ಟೆಗಳೆಲ್ಲ ಅವಳ ಮುಂದೆ ಬಂದು ನಿಂತಿದ್ದವು. ಗಟ್ಟಿಯವೆಲ್ಲ ರೇಡಿಯೋ ಕಡೆ. ಯಾರು ಸರಿಸಿದರು? ನೋಡುತ್ತಿದ್ದಂತೆ ಡಾಕ್ಟರ ಮಣಿಕಟ್ಟು ಮೇಜಿನ ಅಂಚಿನಿಂದ ಮೇಲೆ ಬಂದು, ಅಣಬೆಯ ತಟ್ಟೆಯನ್ನು ಅವಳತ್ತ ತಳ್ಳಿತು. ಎತ್ತಿ ಇಡಲಿಲ್ಲ. ಬೇಡದ ವಸ್ತುವನ್ನು ಸರಿಸುವ ಹಾಗೆ ಮುಂಗೈಯಿಂದ ತಳ್ಳಿ, ಕೈ ಮತ್ತೆ ಮಡಿಲಿಗೆ ಹೋಯಿತು. ಅವಳ ಕಿವಿ ಬಿಸಿಯಾಯಿತು. ಗೊತ್ತು ಎಂದು ಹೇಳುವ ರೀತಿ ಇದು. ಹಲ್ಲಿಲ್ಲದವಳೇ, ತಗೋ, ತಿನ್ನು.

"ಡಾಕ್ಟ್ರೇ, ನೀವೂ ಏನೂ ತಿಂತಿಲ್ಲ," ಎಂದಳು ರೇಡಿಯೋ. "ನಾಯಿ ಕಥೆ ಅಷ್ಟು ಚೆನ್ನಾಗಿದೆಯಾ?"

"ಹಸಿವಿಲ್ಲ. ನೀನು ಹೇಳು. ನಾಯಿಗೆ ಟೋಪಿನೂ ಹಾಕ್ತಾನಾ?"

"ಟೋಪಿನಾ! ಮೊನ್ನೆ ಮಳೆ ಬಂತಲ್ಲ, ಕೊಡೆ ನಾಯಿಗೆ, ಇವನು ನೆನೀತಾ ಬರ್ತಾನೆ."

ಹಟ ಎನ್ನುವುದು ಎಲ್ಲಿಂದ ಬರುತ್ತದೋ. ಅವಳು ಕೈ ಚಾಚಿ, ಮೆತ್ತನೆ ತಟ್ಟೆಗಳನ್ನೆಲ್ಲ ದಾಟಿ, ಎಳ್ಳು ಮೆತ್ತಿದ ರೊಟ್ಟಿಯ ದೊಡ್ಡ ಚೂರೊಂದನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ನೋಡಲಿ. ಕಚ್ಚಿದಳು. ಟಕ್. ರೇಡಿಯೋ ಆಗಷ್ಟೇ ಮಾತು ನಿಲ್ಲಿಸಿ ನೀರು ಕುಡಿಯುತ್ತಿದ್ದಳು, ಪಕ್ಕದ ಮೇಜಿನವರೂ ಯಾಕೋ ಸುಮ್ಮನಿದ್ದರು, ಆ ಟಕ್ ಇಡೀ ಕೋಣೆಯಲ್ಲಿ ಗಾಜಿನ ಮೇಲೆ ಚಮಚ ಬಡಿದ ಹಾಗೆ ಕೇಳಿಸಿತು. ಮತ್ತೆ ಕಚ್ಚಿದಳು. ಟಕ್. ಈ ಸಲ ಮೇಲಿನ ಸೆಟ್ಟು ಒಂದು ಕಡೆ ಎದ್ದು, ಅದರ ಕೆಳಕ್ಕೆ ಎಳ್ಳು ನುಗ್ಗಿ, ನೋವು ಕಣ್ಣಿನವರೆಗೆ ಏರಿತು. ಬಾಯಿಗೆ ಕರವಸ್ತ್ರ ಒತ್ತಿಕೊಳ್ಳಲು ಹೋದರೆ ಅದರೊಳಗಿನ ಬಾದಾಮಿಗಳು ಮೇಜಿನ ಮೇಲೆ ಉರುಳಿಬಿದ್ದವು. ಕನ್ನಡಿಗಳಲ್ಲಿ ಎಷ್ಟೋ ಮುದುಕಿಯರು ಒಟ್ಟಿಗೆ ಬಾಯಿ ಮುಚ್ಚಿಕೊಂಡು ಎದ್ದು ನಿಂತರು. ಯಾವ ಕಡೆ ಬಾಗಿಲು ಎಂದು ಅವಳಿಗೆ ತಿಳಿಯಲಿಲ್ಲ. ಒಡತಿ ಬಂದು ಏನೂ ಕೇಳದೆ, ಮೊಣಕೈ ಹಿಡಿದು, "ಈ ಕಡೆ ಅಮ್ಮ," ಎಂದು ಕೈತೊಳೆಯುವ ಕೋಣೆಯವರೆಗೆ ಬಿಟ್ಟುಹೋದಳು.

ಅವಳು ಹಲ್ಲುಗಳನ್ನು ತೆಗೆದು ನಲ್ಲಿಯ ಕೆಳಗೆ ಹಿಡಿದಳು. ಎಳ್ಳು ಕೊಚ್ಚಿಹೋಯಿತು. ಕನ್ನಡಿಯಲ್ಲಿ ಒಳಕ್ಕೆ ಕುಸಿದ ಬಾಯಿ. ಕೈಯಲ್ಲಿ ಫೋಟೋದ ನಗು. ಇವೆರಡಕ್ಕೂ ಯಾವ ಸಂಬಂಧವೂ ಇರಲಿಲ್ಲ. ಇನ್ನು ಯಾರ ಜೊತೆಯೂ ಕೂತು ಉಣ್ಣುವುದು ಬೇಡ, ಎಂದುಕೊಂಡಳು. ಒಬ್ಬಳೇ ಉಂಡರೇನು? ಎಷ್ಟೋ ಜನ ಒಬ್ಬರೇ ಉಣ್ಣುತ್ತಾರೆ. ಹಿಂಬಾಗಿಲು ಇದ್ದರೆ ಹಾಗೇ ಹೊರಟುಬಿಡಬಹುದು. ಅಷ್ಟರಲ್ಲಿ ಬಾಗಿಲು ತೆರೆಯಿತು.

"ಕೊಡಿ ಇಲ್ಲಿ," ಎಂದರು ಡಾಕ್ಟರು.

ಅವಳು ಕೊಡಲಿಲ್ಲ. ಡಾಕ್ಟರು ಅಂಗೈ ಚಾಚಿಕೊಂಡೇ ನಿಂತರು. ಆ ಅಂಗೈ ನಿಂತಲ್ಲಿ ನಿಂತಿರಲಿಲ್ಲ. ಮೊದಲು ಅವಳಿಗೆ ತನ್ನ ಕಣ್ಣೇ ಅದುರುತ್ತಿದೆ ಎನ್ನಿಸಿತು. ಆಮೇಲೆ ನೋಡಿದಳು: ಬೆರಳುಗಳು ಒಂದೇ ಸಮನೆ ನಡುಗುತ್ತಿದ್ದವು. ಹಲ್ಲುಗಳನ್ನು ಅದರ ಮೇಲೆ ಇಟ್ಟಾಗ ಅವೂ ಕಟಕಟ ನಡುಗಿದವು. ಕೂದಲೆಳೆಯಷ್ಟು ಅಂತರವನ್ನೂ ತಪ್ಪದೆ ಹಿಡಿಯುತ್ತಿದ್ದ ಕೈ.

"ಯಾವಾಗಿಂದ?" ಎಂದಳು. ಹಲ್ಲಿಲ್ಲದ ಮಾತು ಗಾಳಿಯ ಹಾಗೆ ಹೊರಬಂತು.

"ಕ್ಲಿನಿಕ್ ಬಾಗಿಲು ಹಾಕೋಕೂ ಮುಂಚೆ."

"ನಂಗೆ ಹೇಳಲಿಲ್ಲ."

"ನೀವು ಹೇಳಿದ್ರಾ?"

ನಲ್ಲಿ ತೊಟ್ಟಿಕ್ಕುತ್ತಿತ್ತು. ತಟ್ಟೆಗಳನ್ನು ತಳ್ಳಿದ ಮಣಿಕಟ್ಟು ಅವಳ ಕಣ್ಣ ಮುಂದೆ ಮತ್ತೆ ಬಂತು. ಎತ್ತಿ ಇಡಲು ಆಗದ ಕೈ; ಆಗದಿದ್ದರೂ ತಳ್ಳುತ್ತ ತಳ್ಳುತ್ತ ಒಂದೊಂದೇ ಮೆತ್ತನೆ ತಟ್ಟೆಯನ್ನು ಮೇಜಿನ ಈ ತುದಿಗೆ ಮುಟ್ಟಿಸಿದ ಕೈ. ಮತ್ತೆ, ಎಲ್ಲಿಂದಲೋ, ಮನೆಯ ಟೀವಿಯ ಸದ್ದು. ಅದು ಜೋರಾಗುತ್ತಿದ್ದದ್ದು ತಾನು ಮೊದಲ ತುತ್ತು ಬಾಯಿಗಿಡುವ ಹೊತ್ತಿಗೆ. ಇಳಿಯುತ್ತಿದ್ದದ್ದು ತಟ್ಟೆ ತೊಳೆದ ಮೇಲೆ. ಅತ್ತೆಯ ಸದ್ದು ಅತ್ತೆಗೇ ಕೇಳಿಸದಿರಲಿ ಎಂದು ಸೊಸೆ ಆ ಗದ್ದಲವನ್ನು ದಿನಾ ಸಹಿಸಿದ್ದಳೇ? ತಾನೋ, ಇಷ್ಟು ದಿನ ಅವಳ ಮುಖ ನೋಡಿ ಒಂದು ಮಾತು ಆಡಿರಲಿಲ್ಲ.

"ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದಳು.

"ಫೋನಲ್ಲಿ. ಹೊಸ ಸೆಟ್ಟಿನ ಸೀಟಿ ನಂಗೆ ಕೇಳಿಸಲ್ವಾ? ಆಮೇಲೆ ನೀವು ಎಲ್ಲೂ ಊಟಕ್ಕೆ ಬರಲ್ಲ ಅಂದ್ರಿ. ನನಗೂ ಯಾರ ಮುಂದೆನೂ ತಿನ್ನೋಕಾಗಲ್ಲ, ಚಮಚ ಬಾಯಿ ಮುಟ್ಟೋ ಹೊತ್ತಿಗೆ ಖಾಲಿ. ಅದಕ್ಕೆ ಈ ಜಾಗ ಹುಡುಕಿದೆ. ಇಲ್ಲಾದ್ರೆ ಯಾರು ತಿಂದ್ರು, ಯಾರು ಬಿಟ್ರು, ಕಾಣಲ್ಲ." ಡಾಕ್ಟರು ಹಲ್ಲನ್ನು ಬೆಳಕಿಗೆ ಹಿಡಿದರು. "ಕನ್ನಡಿ ಇಟ್ಕೊಂಡು ಎತ್ತರ ತಗೊಂಡಿದ್ದೀರಿ."

"ಹೂಂ."

"ಫೋಟೋ ಬೇರೆ."

"ಹೂಂ. ಕ್ಲಿನಿಕ್ ಶುರುವಾದ ದಿನದ್ದು."

ಡಾಕ್ಟರ ತುಟಿಯ ಮೂಲೆ ಸಡಿಲವಾಯಿತು. "ಆವತ್ತು ಅಷ್ಟು ನಗ್ತಿದ್ರಿ. ನಗ್ತಾನೇ ಇರೋ ಬಾಯಲ್ಲಿ ಅಗಿಯೋದು ಹೇಗೆ ಲ್ಯಾಬಮ್ಮ?"

ಬಾಗಿಲು ಮತ್ತೆ ತೆರೆದು ರೇಡಿಯೋ ತಲೆ ಹಾಕಿದಳು. "ಏನು, ಇಬ್ಬರೂ ಒಳಗೇ ಸಂಸಾರ ಹೂಡಿಬಿಟ್ರಾ? ಅಲ್ಲಿ ನಾನೊಬ್ಬಳೇ ಗೋಡೆಗೆ ನಾಯಿ ಕಥೆ—" ಅಷ್ಟರಲ್ಲಿ ಅವಳ ಕಣ್ಣು ಡಾಕ್ಟರ ಕೈಗೆ, ಕೈಯಲ್ಲಿದ್ದುದಕ್ಕೆ, ಲ್ಯಾಬಮ್ಮನ ಬರಿ ಬಾಯಿಗೆ ಹೋಯಿತು.

"ಉಗುರು ಉಜ್ಜೋ ಅರ ಇದೆಯಾ ನಿನ್ನ ಬ್ಯಾಗಲ್ಲಿ?" ಎಂದರು ಡಾಕ್ಟರು. "ತುಟಿಗೆ ಹಚ್ಚೋ ಬಣ್ಣ?"

ರೇಡಿಯೋ ಬ್ಯಾಗು ತೆರೆದಳು. ಅರ ಕೊಟ್ಟಳು, ಲಿಪ್‌ಸ್ಟಿಕ್ ಕೊಟ್ಟಳು. ಒಮ್ಮೆ ಇಬ್ಬರನ್ನೂ ನೋಡಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೊರಟುಹೋದಳು.

ತೆಳ್ಳನೆಯ ಕಾಗದದ ಕರವಸ್ತ್ರಕ್ಕೆ ಬಣ್ಣ ಸವರಿದ್ದು ಅವಳೇ, ಕೈ ತಾನಾಗಿಯೇ ಆ ಕೆಲಸ ಮಾಡಿತು. ಹಲ್ಲುಗಳನ್ನು ಹಾಕಿಕೊಂಡು, ಆ ಕಾಗದವನ್ನು ಎರಡು ಸಾಲುಗಳ ನಡುವೆ ಇಟ್ಟುಕೊಂಡಳು. ಕನ್ನಡಿಯ ಕಡೆ ತಿರುಗಹೋದಾಗ ಡಾಕ್ಟರು ಬಂದು ಅವಳಿಗೂ ಕನ್ನಡಿಗೂ ನಡುವೆ, ಕನ್ನಡಿಗೆ ಬೆನ್ನು ಕೊಟ್ಟು ನಿಂತರು. "ಅದನ್ನ ನೋಡಬೇಡಿ. ನನ್ನ ನೋಡಿ. ಭುಜ ಇಳಿಬಿಡಿ. ಒಂದು ಸಲ ಉಗುಳು ನುಂಗಿ. ಹಾಂ. ಈಗ ಸುಮ್ಮನೆ ಮುಚ್ಚಿ, ನಿಮ್ಮಷ್ಟಕ್ಕೆ." ಗೋಡೆಯ ಆಚೆಯಿಂದ ಈ ಮಾತುಗಳನ್ನು ಅವಳು ಎಷ್ಟು ವರ್ಷ ಕೇಳಿದ್ದಳು! ಮೇಣ ಕೆತ್ತುತ್ತ, ಮಳೆಯ ಸದ್ದು ಕೇಳುವ ಹಾಗೆ, ಅರ್ಥಕ್ಕೆ ಕಿವಿಗೊಡದೆ. ಯಾರ ಯಾರಿಗೋ ಹೇಳುತ್ತಿದ್ದ ಮಾತು ಈಗ ತನಗೆ. ಕಣ್ಣು ಮುಚ್ಚಿಕೊಂಡಳು. ಬೇಸಿಗೆಯಿಂದ ಬಿಗಿಹಿಡಿದಿದ್ದ ದವಡೆ ಎಲ್ಲೋ ಒಂದು ಕಡೆ ಕೀಲು ಕಳಚಿದಂತೆ ಸಡಿಲವಾಗಿ ಕೆಳಗಿಳಿಯಿತು. ಆಗ ಮುಚ್ಚಿದ ಬಾಯಿ ಯಾವ ಫೋಟೋದ್ದೂ ಆಗಿರಲಿಲ್ಲ. ಕೈತೊಳೆಯಲು ಬಂದ ಯಾರೋ ಹುಡುಗಿಯೊಬ್ಬಳು ಇಬ್ಬರನ್ನೂ ಕಂಡು ಒಂದು ಕ್ಷಣ ನಿಂತು, ಏನನ್ನೂ ಕಾಣದವಳಂತೆ ಕೈ ತೊಳೆದುಕೊಂಡಳು. ಹೋಗುವಾಗ ಗೋಡೆಯ ಇನ್ನೊಂದು ದೀಪದ ಗುಂಡಿ ಒತ್ತಿ ಹೋದಳು.

ಹಲ್ಲು ತೆಗೆದು ನೋಡಿದರೆ ಕೆಳಗಿನ ಸಾಲಿನಲ್ಲಿ, ಎಡಗಡೆ, ಹಿಂದಿನ ಹಲ್ಲಿನ ನೆತ್ತಿಯ ಮೇಲೆ ಒಂದು ಕೆಂಪು ಚುಕ್ಕೆ.

"ಇದೇ," ಎಂದರು ಡಾಕ್ಟರು. "ನಾನು ಹೇಳ್ತೀನಿ, ನೀವು ಉಜ್ಜಿ."

ಅವಳು ಉಜ್ಜಿದಳು. ಉಗುರಿನ ಅರ, ಹೋಟೆಲಿನ ಕೈತೊಳೆಯುವ ತೊಟ್ಟಿ. ಆದರೂ ಬೆರಳುಗಳು ಹಳೆಯ ಜಾಗಕ್ಕೆ ಬಂದು ಕೂತವು. ಬಿಳಿ ಪುಡಿ ಉದುರಿತು. "ಇನ್ನೊಂದು ಚೂರು. ಸಾಕು. ಹಾಕಿ ನೋಡಿ. ನುಂಗಿ. ಮುಚ್ಚಿ. ಇನ್ನೊಂದೇ ಎಳೆ. ಸಾಕು, ಸಾಕು." ಮೂರನೆಯ ಸಲ ಕಚ್ಚಿದಾಗ ಟಕ್ ಎನ್ನಲಿಲ್ಲ. ಎರಡು ಸಾಲೂ ಒಟ್ಟಿಗೆ, ಬಾಗಿಲು ಚೌಕಟ್ಟಿಗೆ ಕೂತ ಹಾಗೆ, ಕೂತವು. ಅವಳು ಮತ್ತೆ ಮತ್ತೆ ಕಚ್ಚಿದಳು, ಸದ್ದು ಎಲ್ಲಿಯಾದರೂ ಅಡಗಿದೆಯೋ ಎಂದು ಹುಡುಕುವವಳಂತೆ.

"ಇದು ಇವತ್ತಿನ ಊಟಕ್ಕೆ ಮಾತ್ರ," ಎಂದರು ಡಾಕ್ಟರು. "ಎತ್ತರ ಪೂರ್ತಿ ತಪ್ಪಿದೆ. ಬೇರೆ ಸೆಟ್ಟೇ ಕಟ್ಟಬೇಕು. ಸೋಮವಾರ ನಮ್ಮನೆಗೆ ಬನ್ನಿ. ದೀಪ, ಮೇಣ ತಗೊಂಡು ಬನ್ನಿ."

"ನೀವು ಅಳತೆ ಹೇಳ್ತೀರಾ?"

"ಹೇಳೋಕೇನು, ಬಾಯಿ ನಡುಗಲ್ಲ ನಂದು. ಕೈ ನಿಮ್ಮದು."

ಬಾಗಿಲ ಬಳಿ ಅವಳು ಡಾಕ್ಟರ ಕೈ ಹಿಡಿದುಕೊಂಡಳು. ಅವಳ ಕೈಯೊಳಗೆ ಆ ನಡುಕ, ಅಂಗೈಯಲ್ಲಿ ಮುಚ್ಚಿಟ್ಟ ಹಕ್ಕಿಮರಿಯ ಎದೆಯ ಹಾಗೆ, ನಿಲ್ಲದೆ ಬಡಿಯಿತು. ಹಾಗೆಯೇ ಇಬ್ಬರೂ ಕನ್ನಡಿಗಳ ನಡುವೆ ನಡೆದು ಮೇಜಿಗೆ ಬಂದರು. ಈ ಸಲ ಅವಳು ಕನ್ನಡಿ ನೋಡಿದಳು. ಇಬ್ಬರು ಮುದುಕಿಯರು ಕೈ ಹಿಡಿದುಕೊಂಡು ಬರುತ್ತಿದ್ದರು, ಯಾವುದೋ ರಸ್ತೆ ದಾಟುವವರಂತೆ. ಅದರಲ್ಲಿ ನಾಚಿಕೆಪಡುವಂಥದ್ದು ಅವಳಿಗೆ ಏನೂ ಕಾಣಲಿಲ್ಲ. ಮನೆಗೆ ಹೋದಮೇಲೆ ತಟ್ಟೆಯನ್ನು ಆಚೆ ಕೋಣೆಗೇ ತೆಗೆದುಕೊಂಡು ಹೋಗಬೇಕು, ಎಂದುಕೊಂಡಳು. ಟೀವಿ ಆರಿಸಮ್ಮ, ಸಾಕು, ಎನ್ನಬೇಕು ಸೊಸೆಗೆ. ಮೊಮ್ಮಗಳು ಗಡಿಯಾರ ಎಲ್ಲಿ ಹೋಯಿತು ಎಂದು ಕೇಳಿದರೆ ರಿಪೇರಿ ಆಯಿತು ಅನ್ನಬೇಕು.

ಮೇಜಿನ ಮೇಲಿನ ತಟ್ಟೆಗಳನ್ನು ಒಡತಿ ಬಹುಮಟ್ಟಿಗೆ ತೆಗೆದಿದ್ದಳು. ಉರುಳಿಬಿದ್ದ ಬಾದಾಮಿಗಳು ಎಲ್ಲೂ ಇರಲಿಲ್ಲ. ಸೂಪಿನ ಕೆಳಗೆ ನೀಲಿ ಉರಿ ಇನ್ನೂ ಇತ್ತು, ಸ್ಪಿರಿಟ್ಟಿನ ಆ ತೆಳು ಘಾಟೂ ಇತ್ತು. ಅವಳು ಈಗ ಅದನ್ನು ಎದೆತುಂಬ ಎಳೆದುಕೊಂಡಳು. ಡಾಕ್ಟರ ಮುಂದಿದ್ದ ಚಪ್ಪಟೆ ಬಟ್ಟಲನ್ನು ಬದಿಗಿಟ್ಟು, ನೀರಿಗೆಂದು ಇಟ್ಟಿದ್ದ ಹಿಡಿಯುಳ್ಳ ದಪ್ಪ ಲೋಟಕ್ಕೆ ಅರ್ಧದವರೆಗೆ ಸೂಪು ಹೊಯ್ದಳು. ಅರ್ಧವಾದರೆ ತುಳುಕುವುದಿಲ್ಲ. ಡಾಕ್ಟರು ಎರಡೂ ಕೈಗಳನ್ನು ಮೊದಲ ಸಲ ಮೇಜಿನ ಮೇಲಕ್ಕೆ ತಂದು, ಲೋಟವನ್ನು ಅಂಗೈಗಳ ನಡುವೆ ಹಿಡಿದರು, ತಲೆ ತಗ್ಗಿಸಿ ಒಂದು ಗುಟುಕು ಕುಡಿದರು. ಹನಿಯೊಂದು ಗದ್ದದ ಮೇಲೆ ಇಳಿಯಿತು. ಅದನ್ನು ಅವಸರದಿಂದ ಒರೆಸಿಕೊಳ್ಳಲಿಲ್ಲ.

ರೇಡಿಯೋ ಇಷ್ಟನ್ನೂ ನೋಡುತ್ತ ಕೂತಿದ್ದಳು. ಅವಳ ಮುಂದೆ ಒಂದು ತಟ್ಟೆ, ಅದರ ಮೇಲೆ ಇನ್ನೊಂದನ್ನು ಮಗುಚಿ ಮುಚ್ಚಿದ್ದಳು. ಏನಾದರೂ ಹೇಳುತ್ತಾಳೆ ಎಂದು ಇಬ್ಬರೂ ಕಾದರು. ನಾಯಿಯ ವಿಷಯ, ಸೂಪಿನ ವಿಷಯ, ಬಾಗಿಲು ಹಾಕಿಕೊಂಡು ಏನು ಮಾಡಿದಿರಿ ಎಂಬ ವಿಷಯ. ರೇಡಿಯೋ ಮೇಲಿನ ತಟ್ಟೆಯನ್ನು ತೆಗೆದಳು. ಬಂದುಹೋದ ಪ್ರತಿಯೊಂದು ತಟ್ಟೆಯದೂ ಸ್ವಲ್ಪ ಸ್ವಲ್ಪ ಅದರಲ್ಲಿತ್ತು. ಬದನೆಕಾಯಿ ಒಂದು ಕಡೆ, ಕುಂಬಳ ಒಂದು ಕಡೆ, ಅಣಬೆಯನ್ನು ಚಮಚದ ಅಂಚಿನಿಂದ ಸಣ್ಣಗೆ ಕತ್ತರಿಸಿದ್ದಳು, ಜೋಳದ ಕಾಳುಗಳನ್ನು ತೆನೆಯಿಂದ ಬಿಡಿಸಿ ಗುಡ್ಡೆ ಮಾಡಿದ್ದಳು. ಅಂಚಿನಲ್ಲಿ, ಎಳ್ಳನ್ನೆಲ್ಲ ಉಗುರಿನಿಂದ ಕೆರೆದು ತೆಗೆದ, ಗರಿಗರಿ ರೊಟ್ಟಿಯ ಒಂದೇ ಒಂದು ಚೂರು.

ರೇಡಿಯೋ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಮೇಜಿನ ಮೇಲಿಂದ ಚಾಚಿ, ಅವಳ ಕೈಗೆ ಕೊಟ್ಟಳು.